ಚುಕ್ಕಿಮನುಷ್ಯನ ಬಾಗಿಲು

"ಎಡಕ್ಕೆ... ಇನ್ನೂ ಸ್ವಲ್ಪ ಎಡಕ್ಕೆ... ಅಯ್ಯೋ, ಗೋಡೆ ಕಣಪ್ಪಾ!"

ಹಲಗೆಯ ಮೇಲೆ ಹೆಣ ಹೊತ್ತ ನಾಲ್ವರೂ ಕೋಣೆಯಿಂದಾಚೆಯ ಇಕ್ಕಟ್ಟು ನಡವೆಯಲ್ಲಿ ಸಿಕ್ಕಿಕೊಂಡರು. ಮುಂದಿದ್ದ ಮೈದುನ, ಸತ್ತವನ ತಮ್ಮ, ಬೆವರೊರೆಸಲು ಕೈ ಬಿಡುವಿಲ್ಲದೆ ಭುಜಕ್ಕೇ ಮುಖ ಉಜ್ಜಿದ. ಅಣ್ಣ ಕೂಡಿಟ್ಟಿದ್ದ ಹಳೆ ಕಂಪ್ಯೂಟರುಗಳನ್ನು ಬೆಳಿಗ್ಗೆಯೇ ಹೊರಗೆ ಮೆಟ್ಟಿಲ ಒಂದು ಬದಿಗೆ ಪೇರಿಸಿಯಾಗಿತ್ತು. ಸಂಜೆ ಗುಜರಿಯವನು ಬರುತ್ತಾನೆ. ದಾರಿಗೆ ಅಡ್ಡವಾಗಿ ಉಳಿದದ್ದು ಒಂದೇ: ನಡವೆಯ ಗೋಡೆಗೆ ಬೋಲ್ಟು ಬಿಗಿದ ಮೇಜಿನ ಮೇಲೆ ಕೀಲಿಮಣೆಯ, ಹಳದಿಗಟ್ಟಿದ ಯಂತ್ರ, ಪಕ್ಕದಲ್ಲೊಂದು ಪುಟ್ಟ ಟೀವಿ, ಕೆಳಗೆ ಬ್ಯಾಟರಿ. ಪರದೆಯಲ್ಲಿ ಚುಕ್ಕಿಗಳ ಮನುಷ್ಯನೊಬ್ಬ ಎಡದಿಂದ ಬಲಕ್ಕೆ ನಡೆಯುತ್ತಿದ್ದ. ಬಲತುದಿಯಲ್ಲಿ ಚುಕ್ಕಿಗಳದೇ ಮನೆ, ಮುಚ್ಚಿದ ಬಾಗಿಲು. ಬಾಗಿಲ ತನಕ ಬಂದು ಮಾಯವಾಗುವನು. ಮತ್ತೆ ಎಡತುದಿಯಲ್ಲಿ ಹುಟ್ಟುವನು.

"ಅತ್ತಿಗೆ, ಇದನ್ನ ಆಫ್ ಮಾಡಿ ಮೇಜು ಬಿಚ್ಚೋಣ."

"ಮುಟ್ಟಬೇಡ!" ಎಂದಳು ಸತ್ತವನ ಹೆಂಡತಿ.

ಹಿಂದಿನಿಂದ ಹೆಗಲು ಕೊಟ್ಟಿದ್ದ ಗಡಿಯಾರ ರಿಪೇರಿಯವನು, ಸತ್ತವನ ಗೆಳೆಯ, ತಗ್ಗಿದ ದನಿಯಲ್ಲಿ ಹೇಳಿದ: "ಆಫ್ ಮಾಡಿದ್ರೆ, ವೈರು ಅಲುಗಿದ್ರೂ ಹೋಯ್ತು ಕಣೋ. ಕರೆಂಟ್ ಇರೋ ತನಕ ಮಾತ್ರ ಅದಕ್ಕೆ ನೆನಪು. ಇವರ ಮಗ ಬರೆದ ಪ್ರೋಗ್ರಾಮೆಲ್ಲ ಅಳಿಸಿಹೋಗುತ್ತೆ."

"ಕ್ಯಾಸೆಟ್ ಟೇಪಿಗೆ ಇಳಿಸಿಟ್ಕೊಳೋಕೆ ಬರಲ್ವಾ?"

"ಆ ವಿದ್ಯೆ ಗೊತ್ತಿದ್ದೋನು ನಮ್ಮ ಹೆಗಲ ಮೇಲೆ ಮಲಗಿದ್ದಾನೆ."

"ಹಾಗಾದ್ರೆ ಅಣ್ಣನ್ನೇ ಹಲಗೆಗೆ ಕಟ್ಟಿ ನೆಟ್ಟಗೆ ನಿಲ್ಲಿಸಿ ಸಾಗಿಸ್ಬೇಕು. ಬೀರು ಸಾಗಿಸಲ್ವಾ, ಹಾಗೆ," ಎಂದವನೇ ಮೈದುನ ನಾಲಿಗೆ ಕಚ್ಚಿಕೊಂಡ.

ಹಲಗೆಯನ್ನು ಮತ್ತೆ ಕೋಣೆಗೇ ಒಯ್ದು ಇಳಿಸಿದರು. ಎಲ್ಲರ ಕಣ್ಣೂ ಅವಳ ಮೇಲೆ.

*

"ಪಾಪ, ಅವನಿಗೆ ಕಾಲು ನೋಯಲ್ವೇನೋ? ಬಾಗಿಲು ಯಾವಾಗ ತೆಗೀತೀಯ?" ಎಂದು ಅವಳು ಮಗನನ್ನು ಕೇಳಿದ್ದಳು, ವರ್ಷಗಳ ಹಿಂದೆ.

"ತೆಗೆಯೋದು ನಾಳೆ ಬರೀತೀನಮ್ಮ. ಆಫ್ ಮಾಡ್ಬೇಡಿ, ಆಯ್ತಾ?"

ಮಗನ ಹಣೆ ಮುಟ್ಟಿದರೆ ಕಾದ ಹೆಂಚು. ಆ ನಾಳೆ ಬರಲೇ ಇಲ್ಲ.

ಟೀವಿ ರಿಪೇರಿ ಮಾಡುತ್ತಿದ್ದ ಅಪ್ಪ, ಮಗನನ್ನು ಮಣ್ಣು ಮಾಡಿ ಬಂದವನು ಮೊದಲು ಮಾಡಿದ ಕೆಲಸ ಯಂತ್ರಕ್ಕೆ ಬ್ಯಾಟರಿ ಕೂರಿಸಿದ್ದು. ಆಮೇಲೆ ಇಂಥ ಯಂತ್ರ ಎಲ್ಲಿ ಕಸಕ್ಕೆ ಬಿದ್ದಿದ್ದರೂ ಹೊತ್ತು ತಂದ. ಬೀದಿಯವರು ಡಬ್ಬಿರಾಯ ಎಂದು ಹೆಸರಿಟ್ಟರು. ಏಳು ಸಮುದ್ರದಾಚೆ ಗಿಣಿಯೊಳಗೆ ಪ್ರಾಣ ಬಚ್ಚಿಟ್ಟ ರಾಕ್ಷಸನ ಹಾಗೆ ಅವನ ಪ್ರಾಣ ಆ ಮೇಜಿನ ಮೇಲಿತ್ತು. ಬಾಗಿಲು ತೆರೆಸಲು ಅವನಿಗೆ ಎರಡು ಸಾಲು ಸಾಕಿತ್ತು, ಬರೆಯಲಿಲ್ಲ. ಅದು ಮಗನ ಕೆಲಸ.

"ಟೇಪಿಗಾದ್ರೂ ಇಳಿಸಿಡ್ರೀ," ಎಂದಿದ್ದಳು ಅವಳು ಒಮ್ಮೆ.

"ಇಳಿಸೋಕೆ ನಡೀತಿರೋನ್ನ ನಿಲ್ಲಿಸ್ಬೇಕು ಕಣೇ. ನನ್ನ ಕೈಲಾಗಲ್ಲ." ಆಮೇಲೆ ಅಂದಿದ್ದ: "ನಾನು ಹೋದ್ಮೇಲೂ ನಡೀಲಿ."

ಅವಳು ಹೂಂ ಅಂದಿದ್ದಳು.

*

"ವ್ಯಾನಿನವನು ಹಾರ್ನ್ ಹೊಡೀತಿದ್ದಾನೆ, ಅತ್ತಿಗೆ."

ಅವಳು ಗಂಡನ ಪಕ್ಕದಲ್ಲಿ ಕೂತು ಅವನ ಕತ್ತು ನೋಡಿದಳು. ಯಂತ್ರದ ಮುಂದೆ ಕುರ್ಚಿಯಲ್ಲಿ ತೂಕಡಿಸಿ ತೂಕಡಿಸಿ ಒಂದು ಕಡೆಗೆ ವಾಲಿಹೋಗಿದ್ದ ಕತ್ತು. ಈಗ ದಿಂಬಿನ ಮೇಲೆ ನೆಟ್ಟಗಾಗಿತ್ತು.

"ಇಷ್ಟು ವರ್ಷ ಕೂತೇ ನಿದ್ದೆ ಮಾಡಿದ್ರು," ಎಂದಳು. "ಇವತ್ತಾದ್ರೂ ಮಲಗಿಕೊಂಡು ಹೋಗ್ಲಿ."

ಗಡಿಯಾರ ರಿಪೇರಿಯವನು ಮುಂದೆ ಬಂದ. "ನಾನು ಮಾಡ್ಲಾ, ಅಕ್ಕಾ?"

"ಬೇಡ."

ನಡವೆಗೆ ಬಂದು, ಯಂತ್ರಕ್ಕೂ ಟೀವಿಗೂ ಒಂದೇ ಆದ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಾದಳು. ಚುಕ್ಕಿಮನುಷ್ಯ ಅರ್ಧ ದಾರಿಯಲ್ಲಿದ್ದ. ಬರಲಿ, ಬಾಗಿಲ ತನಕವಾದರೂ ಬರಲಿ. ಬಂದ. ಒತ್ತಿದಳು. ಮನೆ, ಬಾಗಿಲು, ಮನುಷ್ಯ ಎಲ್ಲ ಒಂದು ಬಿಳಿ ಬೊಟ್ಟಾಗಿ ಕುಗ್ಗಿ, ಆರಿಹೋಯಿತು. ವರ್ಷಗಟ್ಟಲೆ ಕೇಳುತ್ತಿದ್ದ ಗುಂಯ್ ಸದ್ದು ನಿಂತಾಗ ಮನೆ ಬೇರೆ ಯಾರದೋ ಅನ್ನಿಸಿತು.

ಗಂಡಸರು ಬೋಲ್ಟು ಬಿಚ್ಚುವಷ್ಟರಲ್ಲಿ ಅವಳು ಯಂತ್ರವನ್ನೆತ್ತಿಕೊಂಡು ಮೆಟ್ಟಿಲಿಗೆ ಬಂದು, ಗುಜರಿಯ ರಾಶಿಯ ನಡುವೆ ಕೂತಳು. ಹಲಗೆ ಅಡ್ಡಾಗದೆ, ಓರೆಯಾಗದೆ ಪಕ್ಕದಲ್ಲೇ ಇಳಿದುಹೋಯಿತು.

ಕೊನೆಗೆ ಇಳಿದ ಮೈದುನ ಕೈ ಚಾಚಿದ. "ಕೊಡಿ ಅತ್ತಿಗೆ, ಅದನ್ನೂ ರಾಶಿಗೆ ಹಾಕ್ತೀನಿ."

"ಇರೋ," ಎಂದಳು, ಅಂಗೈಯಿಂದ ಅದರ ಬೆನ್ನು ಒತ್ತಿ ಹಿಡಿದು. "ಇನ್ನೂ ಬಿಸಿ ಇದೆ."

ವ್ಯಾನು ತಿರುವಿನಲ್ಲಿ ಮರೆಯಾಯಿತು. ಅವಳ ಅಂಗೈ ಬಿಸಿ ಉಳಿದ ಜಾಗ ಹುಡುಕುತ್ತ, ಒಂದೊಂದೇ ಕೀಲಿಯ ಮೇಲೆ ಸರಿಯುತ್ತಿತ್ತು.