ಎರಡು ಲಕ್ಷದ ಹನ್ನೆರಡು ಸಾವಿರ ಕಿಲೋಮೀಟರ್

ಕಂಪ್ಯೂಟರ್ ರಿಪೇರಿಯವಳು ಏದುಸಿರು ಬಿಡುತ್ತ ಮೂರನೇ ಮಹಡಿಗೆ ಬಂದಾಗ, ಆ ಮನೆಯ ಅಕ್ಕತಂಗಿಯರಲ್ಲಿ ತಂಗಿ ಬಾಗಿಲಲ್ಲೇ ನಿಂತಿದ್ದಳು. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಕೆಲಸ ಅವಳದು. ಮಣಿಕಟ್ಟಿನ ತುಂಬ ಸುಟ್ಟ ಗೆರೆಗಳು.

"ಆರು ದಿನದಿಂದ ಆಟ ಓಪನ್ನೇ ಆಗ್ತಿಲ್ಲ. ಅಕ್ಕ ಸರಿಯಾಗಿ ಊಟ ಮಾಡ್ತಿಲ್ಲ," ಎಂದು ಪಿಸುಗುಟ್ಟಿದಳು.

ಅಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಹದಿನೆಂಟು ವರ್ಷ ಲಾರಿ ಓಡಿಸಿದವಳು. ಒಂದು ತಿರುವಿನಲ್ಲಿ ಬ್ರೇಕ್ ಕೈಕೊಟ್ಟ ಮೇಲೆ ಸೊಂಟದ ಕೆಳಗೆ ಸ್ವಾಧೀನವೇ ಉಳಿದಿರಲಿಲ್ಲ. ಜೊತೆಯ ಡ್ರೈವರೊಬ್ಬ ತಂದುಕೊಟ್ಟ ಕಂಪ್ಯೂಟರಿನ ಲಾರಿ ಆಟವೇ ಆಮೇಲೆ ಅವಳ ಕೆಲಸವಾಯಿತು. ಮೇಜಿಗೆ ಸ್ಟೀರಿಂಗ್ ಬಿಗಿದು, ಬ್ರೇಕು ಆಕ್ಸಿಲರೇಟರುಗಳನ್ನೆಲ್ಲ ಕೈಗೇ ಹೊಂದಿಸಿಕೊಂಡು, ಬೆಳಗ್ಗೆ ಒಂಬತ್ತಕ್ಕೆ ಕೂತರೆ ಸಂಜೆಯವರೆಗೂ ಸರಕು ಸಾಗಿಸುತ್ತಿದ್ದಳು.

ರಿಪೇರಿಯವಳು ಆಟದ ಗುರುತನ್ನು ಒತ್ತಿದಳು. ಪರದೆ ಕಪ್ಪಾಯಿತು, ಎರಡು ಸೆಕೆಂಡಿಗೆ ಮುಚ್ಚಿಕೊಂಡಿತು. ತಪ್ಪೇನೆಂದು ಒಂದಕ್ಷರವನ್ನೂ ತೋರಿಸಲಿಲ್ಲ.

"ಡಿಸ್‌ಪ್ಲೇ ಡ್ರೈವರ್, ಅಂದ್ರೆ ಪರದೆ ನಡೆಸೋ ಸಾಫ್ಟ್‌ವೇರು, ಹಳೇದಾಗಿದೆ. ಬದಲಾಯಿಸಿ ನೋಡ್ತೀನಿ."

"ಡ್ರೈವರ್ ಹಳೇದಾಗಿರೋದು ನಂಗೂ ಗೊತ್ತು ಬಿಡು," ಅಂದಳು ಅಕ್ಕ. ಮೂವರೂ ನಕ್ಕರು. ಆ ಮನೆಯಲ್ಲಿ ಅವತ್ತು ಕೇಳಿದ ನಗು ಅದೊಂದೇ.

ಡ್ರೈವರ್ ಬದಲಾಯಿಸಿದರೂ ಅದೇ ಕಥೆ. ಸ್ಟೀರಿಂಗಿನ ವೈರು ಕಿತ್ತು ನೋಡಿದಳು. ಆಟವನ್ನೇ ತೆಗೆದು ಮತ್ತೆ ಹಾಕಿದಳು. ಊಹೂಂ. ಕೊನೆಗೆ ಆಟ ತಾನೇ ಬರೆದಿಟ್ಟುಕೊಳ್ಳುವ ದಾಖಲೆ ತೆರೆದು ಕೊನೆಯ ಸಾಲು ಓದಿದಳು. ಅಕ್ಕನ ಹಳೆಯ ಓಟವನ್ನೆಲ್ಲ ಉಳಿಸಿಟ್ಟಿದ್ದ ಫೈಲಿಗೆ ಬಂದು ಆಟ ಎಡವುತ್ತಿತ್ತು. ಆ ಫೈಲನ್ನು ಪಕ್ಕಕ್ಕೆ ಸರಿಸಿದ ಕೂಡಲೇ ಆಟ ತೆರೆಯಿತು. ಹೊಸ ಲಾರಿ, ಸೊನ್ನೆ ಕಿಲೋಮೀಟರ್.

"ನಂದೆಲ್ಲಿ?" ಅಕ್ಕ ಕೇಳಿದಳು. "ಎರಡು ಲಕ್ಷದ ಹನ್ನೆರಡು ಸಾವಿರ ಓಡ್ಸಿದೀನಿ."

ರಿಪೇರಿಯವಳು ಅರ್ಧ ಗಂಟೆ ಹುಡುಕಿದಳು. ಬೇರೆ ಪ್ರತಿ ಎಲ್ಲೂ ಇರಲಿಲ್ಲ. "ಭಾನುವಾರ ಮಧ್ಯಾಹ್ನ ಸೇವ್ ಆಗ್ತಿದ್ದಾಗ್ಲೇ ಕಂಪ್ಯೂಟರ್ ಆಫ್ ಆಗಿದೆ. ಫೈಲ್ ಅರ್ಧಕ್ಕೇ ನಿಂತುಹೋಗಿದೆ. ಅದು ಇನ್ನು ಬರಲ್ಲ ಅಕ್ಕ. ಕರೆಂಟ್ ಹೋಗಿತ್ತಾ?"

"ಹೋಗಿತ್ತು. ಅಲ್ವೇನೇ?"

ತಂಗಿ ಗೋಡೆಗೆ ಒರಗಿದಳು. "ಇಲ್ಲ. ನಾನೇ ಪ್ಲಗ್ ಕಿತ್ತೆ."

ಅಕ್ಕನ ಕಣ್ಣು ಪರದೆಯ ಸೊನ್ನೆಯ ಮೇಲೇ ಇತ್ತು.

"ವಾರಕ್ಕೊಂದು ರಜ ನಂಗೆ. ಒಟ್ಟಿಗೆ ಊಟ ಮಾಡೋಣ ಅಂತ ನಾಲ್ಕು ಸಲ ಕರೆದೆ. ಲೋಡ್ ಇಳಿಸಿ ಬರ್ತೀನಿ ಅಂತ ನೀನಂದೆ. ಯಾವ ಲೋಡ್ ಅಕ್ಕ? ನಿನ್ನ ಎತ್ತೋದು, ತೊಳೆಯೋದು, ಮಲಗ್ಸೋದು ನಾನು. ನೀನು ಒಂದು ಸಲನಾದ್ರೂ ತಿರುಗಿ ನನ್ನ ಮುಖ ನೋಡ್ತೀಯಾ?"

ಅಕ್ಕ ಈಗಲೂ ತಿರುಗಲಿಲ್ಲ. ಸ್ಟೀರಿಂಗಿನ ಮೇಲಿದ್ದ ಕೈಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. "ಹಾಸಿಗೆಗೆ ಹಾಕು ನನ್ನ," ಎಂದಷ್ಟೇ ಹೇಳಿದಳು. ತಂಗಿ ಅವಳನ್ನು ತಬ್ಬಿ ಎತ್ತಿದಳು. ರಿಪೇರಿಯವಳು ಸದ್ದಿಲ್ಲದೆ ಚೀಲ ಹೆಗಲಿಗೇರಿಸಿದಳು. ಕರೆಂಟಿನ ಮಾತನ್ನು ಯಾಕಾದರೂ ಎತ್ತಿದೆನೋ ಎಂದು ಮೆಟ್ಟಿಲಿಳಿಯುವಾಗ ತನ್ನನ್ನೇ ಬೈದುಕೊಂಡಳು.

ಎರಡು ತಿಂಗಳ ನಂತರ ಕಂಪ್ಯೂಟರಿನ ಫ್ಯಾನು ಸದ್ದು ಮಾಡುತ್ತಿದೆಯೆಂದು ಮತ್ತೆ ಕರೆ ಬಂತು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ತೋಳು ಕಡ್ಡಿಯಾಗಿತ್ತು. ಸ್ಟೀರಿಂಗ್ ಮುಂದೆ ತಂಗಿ ಕೂತಿದ್ದಳು.

"ಕೆಲಸದಿಂದ ಬಂದು ದಿನಾ ಓಡಿಸ್ತೀನಿ. ಅವಳ ಕಿಲೋಮೀಟರ್ ಅವಳಿಗೆ ವಾಪಸ್ ಕೊಡೋಣ ಅಂತ. ಒಂಬತ್ತು ಸಾವಿರ ಆಗಿದೆ."

"ಮಾತಾಡ್ತಾರಾ?"

"ಹೋದ ವಾರ ಇಳಿಜಾರಲ್ಲಿ ಲಾರಿ ಕೈತಪ್ತು. ಆ ಸದ್ದು ಕೇಳಿ, 'ಗೇರ್ ಇಳಿಸೇ' ಅಂದ್ಲು. ಅಷ್ಟೇ."

ರಿಪೇರಿಯವಳು ಫ್ಯಾನಿನ ಧೂಳು ತೆಗೆದು ಮುಚ್ಚಳ ಹಾಕಿದಳು. ತಂಗಿ ಲಾರಿಯನ್ನು ರಸ್ತೆಗಿಳಿಸಿ, ಹಾಸಿಗೆಯವರೆಗೂ ಕೇಳಲೆಂದು ಎಂಜಿನ್ನಿನ ಸದ್ದನ್ನು ಇನ್ನಷ್ಟು ಜೋರು ಮಾಡಿದಳು. ಹಾಸಿಗೆಯಲ್ಲಿ ಅಕ್ಕ ಮಿಸುಕಲಿಲ್ಲ.