ನೆರಳುಮುಂಗುಸಿಯ ನಕಲು

"ಬಂದ್ ಮಾಡ್ರಿ, ಇಮ್ರಾನ್ ಭಾಯಿ, ಮಷಿನ್ ಬಂದ್ ಮಾಡ್ರಿ" ಎನ್ನುತ್ತ ಪ್ರೀತಿ ಕೌಂಟರಿನ ಮೇಲಿಂದ ಕೈಚಾಚಿದಳು. ಲ್ಯಾಮಿನೇಷನ್ ಯಂತ್ರದ ರೋಲರುಗಳ ನಡುವೆ ನೆರಳುಮುಂಗುಸಿಯ ಬಾಲವಷ್ಟೇ ಕಾಣುತ್ತಿತ್ತು. ಇಮ್ರಾನ್ ಸ್ವಿಚ್ಚು ಮುಟ್ಟುವಷ್ಟರಲ್ಲಿ ಅದೂ ಒಳಗೆ ಹೋಯಿತು. ಮುಂಗುಸಿ ಚಿತ್ರದ ಆಟದ ಕಾರ್ಡು ಆಚೆ ಬದಿಯಿಂದ ಬಿಸಿಯಾಗಿ, ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿಕೊಂಡು ಹೊರಬಂತು.

"ನಾ ಕೇಳಿದೆ," ಎಂದ ಇಮ್ರಾನ್. "ಮುಂಗುಸಿಗೂ ಆಧಾರ್ ಮಾಡ್ಸೀರೇನು ಕಾಕಾ, ಅಂತ."

ಸ್ಟೂಲಿನ ಮೇಲೆ ಅವಳ ಅಪ್ಪ ದೇವಿಂದ್ರ ಕೂತಿದ್ದ. ಚಿತ್ತಾಪುರದ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ಹರೆಯದಲ್ಲಿ ಅವನ ಅಂಕಪಟ್ಟಿಯನ್ನು ಗೆದ್ದಲು ತಿಂದಿತ್ತು. ಅಂದಿನಿಂದ ಮನೆಗೆ ಬಂದ ಯಾವ ಕಾಗದವೂ ವಾಡಿಯ ಈ ಅಂಗಡಿಯನ್ನು ನೋಡದೆ ಪೆಟ್ಟಿಗೆ ಸೇರಿದ್ದಿಲ್ಲ.

"ಯಾಕವ್ವ, ಹಂಗ ನಿಂತಿ? ನಾಳೆ ಹೈದ್ರಾಬಾದಿಗೆ ಒಯ್ಯೋದು. ಕೈಬೆವರು ಹತ್ತಬಾರ್ದಂತ ಮಾಡ್ಸೀನಿ."

ನಾಳೆಯ ಕಾರ್ಡಾಟದ ಪಂದ್ಯಕ್ಕೆ ಪ್ರೀತಿ ನಲವತ್ತು ಕಾರ್ಡು ಜೋಡಿಸುವಾಗ ಮೂವತ್ತೊಂಬತ್ತೇ ಇದ್ದವು. ಅಪ್ಪನ ಚಟ ನೆನಪಾಗಿ, ಚಪ್ಪಲಿ ಸಹ ಹಾಕದೆ ಓಡಿ ಬಂದಿದ್ದಳು. ನಾಲವಾರದಿಂದ ಶಹಾಬಾದಿನವರೆಗೆ ಎರಡು ವರ್ಷ ಅಲೆದು, ಸಣ್ಣ ಜೀವಿಗಳ ಕಾರ್ಡು ಕೊಟ್ಟು ದೊಡ್ಡದನ್ನು ಪಡೆಯುತ್ತ, ಕೊನೆಗೆ ಈ ಮುಂಗುಸಿಯನ್ನು ತಲುಪಿದ್ದಳು. ಆಟದಲ್ಲಿ ಅದು ಸತ್ತರೆ ಮತ್ತೆ ಆಟಗಾರಳ ಕೈಗೆ ಮರಳುತ್ತದೆ, ಕೊಂದ ಜೀವಿ ಎರಡು ಸರದಿ ನಿದ್ದೆ ಹೋಗುತ್ತದೆ. ಉಳಿದ ಮೂವತ್ತೊಂಬತ್ತನ್ನೂ ಅವಳು ಆ ನಿದ್ದೆಯನ್ನು ನಂಬಿಯೇ ಆರಿಸಿದ್ದಳು.

"ಅಪ್ಪಾ, ಎಲ್ಲಾ ಕಲಸಿದ್ರೂ ಇದೊಂದು ಬೆರಳಿಗೆ ದಪ್ಪ ಹತ್ತತದ. ಕಣ್ಣು ಮುಚ್ಚಿ ಹುಡುಕಬಹುದು. ಆಡಾಕ ಬಿಡಂಗಿಲ್ಲ ಪಂದ್ಯದವರು."

"ಅಷ್ಟೇ ಹೌದಿಲ್ಲೋ? ಇಮ್ರಾನ್, ಪ್ಲಾಸ್ಟಿಕ್ ಕಿತ್ತು ಕೊಡಪ್ಪ."

"ಕೀಳಬಹುದು ಕಾಕಾ. ಆದ್ರ ನಾ ಗ್ಯಾರಂಟಿ ಕೊಡಂಗಿಲ್ಲ."

ಪ್ರೀತಿ ಆಗಲಿ ಎಂದು ತಲೆಯಾಡಿಸಿದಳು. ಇಮ್ರಾನ್ ಬ್ಲೇಡಿನಿಂದ ಅಂಚು ಸೀಳಿ, ಉಸಿರು ಹಿಡಿದು ಎಳೆದ. ಪ್ಲಾಸ್ಟಿಕ್ ಸುಲಭವಾಗಿ ಬಂತು. ಅದರ ಜೊತೆಗೆ ಮುಂಗುಸಿಯೂ ಬಂತು: ಕಣ್ಣು, ಉಗುರು, ಬಂಗಾರದ ಬಾಲ, ಕೆಳಗಿನ ಎರಡು ಸಾಲು ಬರಹ. ಇಮ್ರಾನನ ಎಡಗೈಯಲ್ಲಿ ಬರೀ ಬಿಳಿ ರಟ್ಟು ಉಳಿಯಿತು.

ಝೆರಾಕ್ಸ್ ಮಾಡಿಸಲು ಬಂದ ಹೆಂಗಸೊಬ್ಬಳು ಮೂವರ ಮುಖ ನೋಡಿ ಹೊರಗೆ ಹೋಗಿ ನಿಂತಳು.

ಪ್ರೀತಿ ರಟ್ಟನ್ನು ತಿರುಗಿಸಿದಳು. ಹಿಂಬದಿ ಹಾಗೇ ಇತ್ತು, ಹೊಸತರಂತೆ. ಮತ್ತೆ ತಿರುಗಿಸಿದಳು. ಬಿಳಿ.

ದೇವಿಂದ್ರ ಮಡಿಲಲ್ಲಿದ್ದ ಫೈಲು ಬಿಚ್ಚಿದ. ಲ್ಯಾಮಿನೇಷನ್ನಿಗೆ ಕೊಡುವ ಮೊದಲು ಒಂದು ಕಲರ್ ಝೆರಾಕ್ಸ್ ತೆಗೆಸಿಡುವುದು ಅವನ ಕ್ರಮ. ಕಾಗದದ ನಡುವೆ ಮುಂಗುಸಿ ಕೊಂಚ ಮಂಕಾಗಿ ನಿಂತಿತ್ತು.

"ಇದನ್ನ ತಗೋ. ಈಗ ಬಸ್ ಹತ್ತಿದ್ರ ಐದರೊಳಗ ಆಫೀಸಿನಾಗ ಇರ್ತೀನಿ. ಸಾಹೇಬ್ರು ಅಸಲಿನಂಗ ಅದ ಅಂತ ಬರದು ಸಹಿ ಹಾಕಿ, ಗೋಲ್ ಶಿಕ್ಕಾ ಹೊಡೀತಾರ. ಶಿಕ್ಕಾ ಇದ್ರ ನಕಲೂ ಅಸಲೇ. ಯಾರೂ ಬ್ಯಾಡ ಅನ್ನಂಗಿಲ್ಲ."

ಅವನು ನಗಿಸಲು ಹೇಳುತ್ತಿರಲಿಲ್ಲ.

"ಒಲ್ಲೆ ಅಪ್ಪಾ. ಆಟದಾಗ ಶಿಕ್ಕಾ ನಡಿಯಂಗಿಲ್ಲ," ಎಂದಳು ಪ್ರೀತಿ.