ಎಂಟು ಸೀಟಿನ ನೀಲಿ ದೋಣಿ

ಬಿಸಿಲಿಗೆ ಕಾದ ಅಲ್ಯೂಮಿನಿಯಂ ಕೊಳವೆ, ಮುಟ್ಟಿದರೆ ಕೈ ಚುರ್ರೆನ್ನುತ್ತದೆ, ಇಂಥ ಕೊಳವೆಗಳ ಮೇಲೆ ಹಲಗೆ ಹಾಸಿ, ಸೋಫಾ ಇಟ್ಟು, ಮೇಲೊಂದು ಚಪ್ಪರ ಕಟ್ಟಿದರೆ ಪಾಂಟೂನ್ ಬೋಟಂತೆ, ವಡಾಲದ ಈ ಗೋದಾಮಿನ ಅಂಗಳದಲ್ಲಿ ಎರಡು ನಿಂತಿವೆ, ನೀರಿಲ್ಲದೆ, ಕಬ್ಬಿಣದ ಸ್ಟ್ಯಾಂಡಿನ ಮೇಲೆ — ನೀಲಿಯದಕ್ಕೆ ಎಂಟು ಸೀಟು, ಬಿಳಿಯದಕ್ಕೆ ಹನ್ನೆರಡು, ಆರಿಸಬೇಕಾದವನು ನಾನಂತೆ. ನಾನು, ಚೆನ್ನಯ, ಎಪ್ಪತ್ತೆರಡು ವರ್ಷ, ಸಯನ್ನಿನ ಹೋಟೆಲಿನ ಮಾಜಿ ಧಣಿ. ಮಾಮಾ, ನೀವು ಹೇಳಿದ್ದೇ ಫೈನಲ್ ಮಾರಾಯ್ರೆ, ಎನ್ನುತ್ತಾನೆ ಮನೀಶ, ನನ್ನ ಅಕ್ಕ ಅಪ್ಪಿಯ ಮಗ, ಈಗಿನ ಧಣಿ, ಕರ್ಜತ್ ಕಡೆ ಕೆರೆಯ ದಂಡೆಯಲ್ಲಿ ಬಂಗಲೆ ಕಟ್ಟಿಸಿದ್ದಾನೆ, ಭಾನುವಾರ ಫ್ಯಾಮಿಲಿ ಔಟಿಂಗ್ ಆಗಬೇಕಂತೆ. ಹಿರಿಯರನ್ನು ಕೇಳದೆ ಏನೂ ಮಾಡುವವನಲ್ಲ ಅವನು, ಹೋಟೆಲಿನ ಹೆಸರು ಬದಲಿಸಿದಾಗಲೂ ಕೇಳಿದ್ದ, ಹೊಸ ಬೋರ್ಡು ಬರೆಸಿಯಾದ ಮೇಲೆ. ಬಿಳಿಯದಕ್ಕೆ ಮೂರು ಕೊಳವೆ, ಅಲುಗಾಡುವುದಿಲ್ಲ, ಬಾಗಿಲು ಹಲಗೆಯ ಮಟ್ಟಕ್ಕೇ ಇದೆ, ಅಂಕಲ್‌ಜೀ, ಬುಜುರ್ಗೋಂ ಕೇ ಲಿಯೇ ಬೆಸ್ಟ್, ವಯಸ್ಸಾದವರಿಗೆ ಇದೇ ಸರಿಯಂತೆ, ಎನ್ನುತ್ತಾನೆ ಮಾರುವವ, ಪ್ರೀತಮ್ ಅಂತ ಹೆಸರು, ನನ್ನ ನೋವಿನ ಮೊಣಕಾಲನ್ನು ಅವನು ನೋಡಿಬಿಟ್ಟಿದ್ದಾನೆ, ನಮ್ಮವರು ನೋಡಿಲ್ಲ. ನೀಲಿಯದಕ್ಕೆ ಹಿಂದಿನಿಂದ ಏಣಿ, ಮನೀಶನ ಹೆಂಡತಿ ವೈಶಾಲಿ ಆಗಲೇ ಹತ್ತಿ ಕೂತಾಗಿದೆ, ಮಾಮಾ, ಬ್ಲೂ ಮಸ್ತ್ ಉಂಟು, ಮ್ಯೂಸಿಕ್ ಭೀ ಹೈ. ಫ್ಯಾಮಿಲಿ ಮೇ ಕಿತನೇ ಲೋಗ್, ಪ್ರೀತಮ್ ಕೇಳಿದ, ಮನೀಶ ಬೆರಳು ಮಡಚಿದ — ನಾನು, ವೈಶಾಲಿ, ಮಕ್ಕಳಿಬ್ಬರು, ವೈಶಾಲಿಯ ಮಮ್ಮಿ, ಡ್ಯಾಡಿ, ಅವಳ ತಮ್ಮ, ತಮ್ಮನ ಹೆಂಡತಿ — ಆಠ್ ಲೋಗ್, ಎಂಟು ಜನ, ಅಷ್ಟೇ. ಅಷ್ಟೇ ಎಂದ. ನಾನು ಅವನ ಎದುರಿಗೇ ನಿಂತಿದ್ದೆ, ನನ್ನ ನೆರಳು ಅವನ ಬೂಟಿನ ಮೇಲಿತ್ತು.

ನಮ್ಮಲ್ಲಿ ಅಳಿಯಕಟ್ಟು, ಅಕ್ಕತಂಗಿಯರ ಮಕ್ಕಳೇ ಕುಟುಂಬ, ಆಸ್ತಿಯೂ ಅವರಿಗೇ, ಸ್ವಂತ ಮಕ್ಕಳು ಅವರ ತಾಯಿಯ ಕುಟುಂಬ, ಕಾನೂನು ಎಂದೋ ಬದಲಾಗಿದೆ, ನಾನು ಬದಲಾಗಲಿಲ್ಲ, ಊರಿನ ಕಟ್ಟು ಬಿಡದ ದೊಡ್ಡ ಮನುಷ್ಯ ಎಂದು ಮುಂಬಯಿಯಲ್ಲಿ ನಮ್ಮವರೆಲ್ಲ ಹೊಗಳಿದರು, ಕೇಳಿ ಉಬ್ಬಿದೆ. ಚೆನ್ನಯ, ನಿನ್ನ ನಂತರ ಹೋಟೆಲು ಮನೀಶನಿಗೇ ಅಲ್ವಾ, ಅಕ್ಕ ಕೊನೆಗಾಲದಲ್ಲಿ ಆಸ್ಪತ್ರೆಯ ಮಂಚದ ಮೇಲಿಂದ ಕೇಳಿದಳು, ನಂತರ ಯಾಕೆ ಅಕ್ಕ, ಈಗಲೇ ಅಂದೆ, ಪಕ್ಕದಲ್ಲಿ ನನ್ನ ಮಗಳು ಯಕ್ಷಿತಾ ಅತ್ತೆಗೆಂದು ಫ್ಲಾಸ್ಕಿನಿಂದ ಗಂಜಿ ಬಗ್ಗಿಸುತ್ತಿದ್ದಳು, ಬಗ್ಗಿಸುತ್ತಲೇ ಇದ್ದಳು, ಬಟ್ಟಲು ತುಂಬಿ ಹೊರಗೆ ಚೆಲ್ಲಿತು. ಆರು ವರ್ಷ ಹೋಟೆಲಿನ ಕೌಂಟರಿನಲ್ಲಿ ಕೂತವಳು ಅವಳು, ಮನೀಶ ಆಗ ಬೈಕಿನಲ್ಲಿ ತಿರುಗುತ್ತಿದ್ದ. ಈಗ ಜೋಗೇಶ್ವರಿಯಲ್ಲಿದ್ದಾಳೆ, ಫೋನು ಮಾಡಿದರೆ ಎತ್ತುತ್ತಾಳೆ, ಊಟ ಆಯ್ತಾ ಅಪ್ಪ, ಮಾತ್ರೆ ತಗೊಂಡ್ರಾ, ನಿಮ್ಮ ಮನೆಯವರೆಲ್ಲ ಚೆನ್ನಾಗಿದ್ದಾರಾ. ನಿಮ್ಮ ಮನೆಯವರು. ನಾನೇ ಕಲಿಸಿದ ಪಾಠ, ನನಗೇ ಒಪ್ಪಿಸುತ್ತಾಳೆ. ಮನೀಶ ಜಾಣ, ಹೋಟೆಲು ತೆಗೆದುಕೊಳ್ಳುವಾಗ ಅಳಿಯ, ಸೀಟು ಎಣಿಸುವಾಗ ಹೆಂಡತಿಯ ಕಡೆಯವನು, ಕಟ್ಟು ಅವನಿಗೆ ಬೇಕಾದಷ್ಟೇ ಬೇಕು, ಥೂ, ಅವನನ್ನು ಬೈದು ಏನು, ಉಗಿಯಬೇಕಾದ್ದು ನನ್ನ ಮುಖಕ್ಕೆ. ಬೋಲೋ ಮಾಮಾ, ಯಾವುದು. ನೀಲಿ, ಎಂದೆ. ಬೇಕೆಂದೇ ಅಂದೆ, ಯಾರಾದರೂ ತಡೆಯುತ್ತಾರೋ ನೋಡೋಣ, ಅಯ್ಯೋ ಮಾಮಾ, ಹಾಗಾದರೆ ನೀವೆಲ್ಲಿ ಕೂರ್ತೀರಿ ಎಂದು ಒಬ್ಬರಾದರೂ, ಬಾಯಿಮಾತಿಗಾದರೂ — ವೈಶಾಲಿ ಚಪ್ಪಾಳೆ ತಟ್ಟಿದಳು, ಮಾಮಾ, ಯೂ ಆರ್ ದ ಬೆಸ್ಟ್, ಪ್ರೀತಮ್ ಒಮ್ಮೆ ನನ್ನ ಮುಖ ನೋಡಿ ತಲೆ ತಗ್ಗಿಸಿದ, ಮನೀಶ ಬುಕ್ಕಿಂಗ್ ಫಾರ್ಮಿಗೆ ಸಹಿ ಹಾಕುತ್ತಿದ್ದಾನೆ, ಕೇಳಬೇಕು, ಮತ್ತೆ ನಾನು ಎಂದು ಈಗಲೇ ಕೇಳಬೇಕು, ಬಾಯಿ ತೆರೆದೆ, ಅದು ನನ್ನ ಮಾತಲ್ಲ, ಮೊದಲೇ ಒಬ್ಬಳು ಕೇಳಿದ್ದಾಳೆ — ಎಷ್ಟೋ ವರ್ಷದ ಹಿಂದೆ, ಗೇಟ್‌ವೇ, ಎಲಿಫೆಂಟಾಕ್ಕೆ ಹೊರಟ ಲಾಂಚು, ಉಳಿದದ್ದು ನಾಲ್ಕೇ ಜಾಗ, ಅಕ್ಕ, ಅಕ್ಕನ ಇಬ್ಬರು ಮಕ್ಕಳು, ನಾನು ಹತ್ತಿ ಕೂತೆವು, ನೀವಿಬ್ಬರು ಮುಂದಿನದರಲ್ಲಿ ಬನ್ನಿ ಎಂದು ಹೆಂಡತಿಗೆ ಕೂಗಿದೆ, ಹಗ್ಗ ಬಿಚ್ಚಿದರು, ಒದ್ದೆ ಮೆಟ್ಟಿಲ ಮೇಲೆ ಏಳು ವರ್ಷದ ಯಕ್ಷಿತಾ, ಕೆಂಪು ಹೊಸ ಚಪ್ಪಲಿ, ಅಪ್ಪಾ, ನಾನು — ಮನೀಶ ನನ್ನ ತೊಡೆಗೆ ಒರಗಿ, ನಡುವೆ ನೀರು ಅಗಲವಾಗುತ್ತಿದೆ, ಮೆಟ್ಟಿಲು, ಕೆಂಪು ಚಪ್ಪಲಿ, ಅಪ್ಪಾ, ನಾನು —